‘ಫಣಿಯಮ್ಮ’ನನ್ನು ಹೇಗೆ ಅಳೆಯೋದು? ಸಹಾಯ ಬೇಕು

ಭಾನುವಾರ ಸಾಗರದಲ್ಲಿ ನಮ್ಮ ಓದುಗರ ಬಳಗದ ಮುಂದೆ ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ (1976) ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಎರಡು ಸಲ ಓದಿದೆ. ಪ್ರೇಮಾ ಕಾರಂತರ ಸಿನಿಮಾನೂ ನೋಡಿದೆ. ಟಿಪ್ಪಣಿ ಮಾತ್ರ ಅರ್ಧ ಪುಟ ದಾಟಿಲ್ಲ.

ಚಿಕ್ಕಂದಿನಲ್ಲೇ ವಿಧವೆಯಾದ ಫಣಿ ತನ್ನ ಮಡಿ ಬಿಡುವುದಿಲ್ಲ, ಯಾರ ಜೊತೆಗೂ ಜಗಳಕ್ಕಿಳಿಯುವುದಿಲ್ಲ. ಆದರೆ ತಲೆ ಬೋಳಿಸಿಕೊಳ್ಳಲ್ಲ ಅಂದ ಹುಡುಗಿಯ ಪರ ನಿಲ್ಲುತ್ತಾಳೆ. ಊರವರು ಮುಟ್ಟಿಸಿಕೊಳ್ಳದ ಹೆಂಗಸಿನ ಹೆರಿಗೆ ಮಾಡಿಸುತ್ತಾಳೆ. ಇದು ತನ್ನತನದ ಹುಡುಕಾಟವಾ ಅಂತ ಕೇಳಿದ್ದಕ್ಕೆ ಅತ್ತೆ ಅಡಿಕೆ ಸುಲಿಯುತ್ತಾ, “ಅದು ಹುಡುಕಾಟ ಅಲ್ಲ ಕಣೇ, ಸಹನೆ” ಅಂದರು. ಕತ್ತಿ ಒಂದು ಕ್ಷಣವೂ ನಿಲ್ಲಲಿಲ್ಲ! ನನಗೆ ಯಾಕೋ ಅದು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಸುಮ್ನೆ ಸಹಿಸಿದವಳು ಮಡಿಯಲ್ಲೇ ಇದ್ದು ಆ ಹೆರಿಗೆಗೆ ಹೋಗುತ್ತಿದ್ದಳಾ?

ತನಗಾಗಿ ಏನೂ ಕೇಳದವಳ ಕಥೆಯನ್ನು ತನ್ನತನದ ಹುಡುಕಾಟ ಅನ್ನಬಹುದಾ? ಹೌದಾದರೆ ಯಾವ ಪ್ರಸಂಗ ಹಿಡಿದು ಹೇಳಲಿ?