ಹೊರಗಿನ ಮೆಣಸು ಬೆರೆಸಿ ಕೂರ್ಗ್ ಮೆಣಸು ಅಂತ ಮಾರೋದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಅಂಗಡಿ, ಕುಶಾಲನಗರ–ಮಡಿಕೇರಿ ರಸ್ತೆ

ನಮ್ಮದು ಚಿಕ್ಕ ಅಂಗಡಿ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು ಮಾರುತ್ತೇವೆ. ಬರುವವರು ಬಹುತೇಕ ಪ್ರವಾಸಿಗಳೇ. ಇಷ್ಟು ದಿನ ಮೆಣಸನ್ನು ಸುತ್ತಲಿನ ಸಣ್ಣ ಬೆಳೆಗಾರರಿಂದಲೇ ಕೊಳ್ಳುತ್ತಿದ್ದೆ. ಈಗ ಒಬ್ಬ ವ್ಯಾಪಾರಿ ಬಂದಿದ್ದಾನೆ. ಹೊರದೇಶದ ಮೆಣಸು ಇದೆ, ತುಂಬಾ ಕಮ್ಮಿಗೆ ಕೊಡ್ತೀನಿ, ಅರ್ಧಕ್ಕರ್ಧ ಬೆರೆಸಿ, ಪ್ಯಾಕೆಟ್ ಮೇಲೆ ಕೂರ್ಗ್ ಪೆಪ್ಪರ್ ಅಂತ ಹಾಗೇ ಇರಲಿ, ಎಲ್ಲರೂ ಮಾಡ್ತಾರೆ ಎನ್ನುತ್ತಾನೆ. ನನಗೆ ಬ್ಯಾಂಕ್ ಸಾಲ ಇದೆ. ಅಂಗಡಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಸಂಬಳಕ್ಕೆ ಕೆಲಸಕ್ಕಿದ್ದಾರೆ, ಮಳೆಗಾಲದಲ್ಲಿ ಅವರ ಸಂಬಳ ಕೊಡುವುದೇ ಕಷ್ಟ. ಪಕ್ಕದ ಅಂಗಡಿಯ ರೇಟು ಕೇಳಿ ಗಿರಾಕಿಗಳು ಅಲ್ಲಿಗೇ ಹೋಗುತ್ತಾರೆ. ಬೆರೆಸಲು ಮನಸ್ಸು ಒಪ್ಪುತ್ತಿಲ್ಲ. ಬೇಡ ಅಂದರೆ ಮುಂದಿನ ಮಳೆಗಾಲ ಕಳೆಯೋದು ಹೇಗೆ ಅಂತಲೂ ಗೊತ್ತಾಗುತ್ತಿಲ್ಲ. ಇಂಥ ಸ್ಥಿತಿಯಲ್ಲಿ ನೀವು ಏನು ಮಾಡಿದಿರಿ?

ಬೆಳೆಗಾರ, ಪೊನ್ನಂಪೇಟೆ ಕಡೆ

ಬೇಡ. ದಯವಿಟ್ಟು ಬೇಡ. ಯಾಕೆ ಅಂತ ಬೆಳೆಯುವವನ ಕಡೆಯಿಂದ ಹೇಳುತ್ತೇನೆ.

ಎಲ್ಲರೂ ನಮ್ಮನ್ನು ಕಾಫಿ ಬೆಳೆಗಾರರು ಅಂತಾರೆ, ಆದರೆ ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಇಲ್ಲಿನ ಎಷ್ಟೋ ಮನೆ ನಡೆದದ್ದು, ಮಕ್ಕಳ ಫೀಸು ಕಟ್ಟಿದ್ದು ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯಿಂದ. ಸುಮಾರು ಮೂರು ಕಿಲೋ ಹಸಿ ಮೆಣಸು ಒಣಗಿಸಿದರೆ ಒಂದು ಕಿಲೋ ಕಾಳು ಸಿಗುತ್ತದೆ. ಸೊರಗು ರೋಗ ಬಂತು ಅಂದರೆ ಅದೂ ಇಲ್ಲ, ಜೂನ್‌ನಲ್ಲಿ ಹಸಿರಾಗಿದ್ದ ಬಳ್ಳಿ ಮಳೆ ಮುಗಿಯುವಷ್ಟರಲ್ಲಿ ಹೋಗಿರುತ್ತೆ.

2017 ನೆನಪಿದೆಯಾ? ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ. ಅಲ್ಲಿನ ಮಾಲು ಬರುತ್ತಿದೆ, ಶ್ರೀಲಂಕಾ ದಾರಿಯಲ್ಲಿ ಸುಂಕ ಕಮ್ಮಿ ಅಂತ ಅಲ್ಲಿಂದಲೂ ಬರುತ್ತಿದೆ, ಬಂದದ್ದು ನಮ್ಮ ಮೆಣಸಿನ ಜೊತೆ ಬೆರೆಯುತ್ತಿದೆ ಅಂತ ಕೊಡಗಿನಲ್ಲಿ ದೊಡ್ಡ ಗಲಾಟೆಯಾಯಿತು. ಬೆಳೆಗಾರರು ಬೀದಿಗಿಳಿದರು. ಅದಕ್ಕೂ ಮುಂಚೆ ಕಿಲೋಗೆ 700ರ ಹತ್ತಿರ ಇದ್ದ ಬೆಲೆ 400ರ ಕೆಳಗೆ ಬಂದು ಕೂತಿತು. ಬೆಲೆ ಬೀಳಲು ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಕಲಬೆರಕೆಯ ತಲೆಗೆ ಕಟ್ಟಲ್ಲ. ಆದರೆ ಕೂರ್ಗ್ ಅನ್ನೋ ಹೆಸರಿಗೆ ಜನ ಎರಡು ಕಾಸು ಜಾಸ್ತಿ ಕೊಡುತ್ತಾರೆ ಅಲ್ವಾ, ಆ ಎರಡು ಕಾಸು ಇಲ್ಲಿನ ಮಣ್ಣು ಮಳೆಯಲ್ಲಿ ದುಡಿದವರದ್ದು. ಬೇರೆಯವರ ಮಾಲಿಗೆ ನಮ್ಮ ಹೆಸರು ಹಾಕಿದರೆ ಅದನ್ನು ನಮ್ಮ ಜೇಬಿನಿಂದಲೇ ತೆಗೆದ ಹಾಗೆ. ನಿಮಗೆ ವರ್ಷಾನುಗಟ್ಟಲೆ ಮೆಣಸು ಕೊಟ್ಟ ಸಣ್ಣ ಬೆಳೆಗಾರನ ಮೂಟೆ ಈ ಸಲ ಅವನ ಮನೆಯಲ್ಲೇ ಉಳಿಯುತ್ತೆ. ಅವನಿಗೆ ಏನು ಹೇಳ್ತೀರಿ?

ಕಾಫಿ ಪುಡಿ ಅಂಗಡಿ, ಸಿದ್ದಾಪುರ

ಬೆಳೆಗಾರರು ಹೇಳಿದ್ದು ಸರಿ. ನಾನು ವ್ಯಾಪಾರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಮೊದಲು ಆ ವ್ಯಾಪಾರಿಯ ಹತ್ತಿರ ಬಿಲ್ ಕೇಳಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿನ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಇಟ್ಟಿತು. 2018ರಲ್ಲಿ ಅದಕ್ಕಿಂತ ಕಮ್ಮಿ ಬೆಲೆಯ ಆಮದನ್ನು ನಿಷೇಧಿಸಿತು. ಎಣ್ಣೆ ತೆಗೆದು ರಫ್ತು ಮಾಡುವಂಥವರಿಗೆ ವಿನಾಯಿತಿ ಇದೆ, ಆದರೆ ಆ ಮಾಲು ಇರುವುದು ರಫ್ತಿಗೆ, ನಮ್ಮ ನಿಮ್ಮ ಅಂಗಡಿಗೆ ಬರುವಂತಿಲ್ಲ. ಸರಿಯಾದ ದಾರಿಯಲ್ಲಿ ಬಂದ ಮೆಣಸಿಗೆ ಸುಂಕ, ಸಾಗಾಣಿಕೆ ಎಲ್ಲ ಸೇರಿದರೆ ಅಷ್ಟು ಅಗ್ಗ ಆಗೋದು ಹೇಗೆ? ಕಾಗದ ತೋರಿಸಿ ಅಂದ ಕೂಡಲೇ ಅರ್ಧ ಜನ ಮತ್ತೆ ಬರಲ್ಲ.

ಇನ್ನು ಕಾನೂನು. ತಪ್ಪು ಲೇಬಲ್ ಹಾಕಿ ಆಹಾರ ಪದಾರ್ಥ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷದವರೆಗೆ ದಂಡ ಇದೆ. ಸಿಕ್ಕಿಬಿದ್ದರೆ ಪ್ಯಾಕೆಟ್ ಮೇಲೆ ಇರುವುದು ನಿಮ್ಮ ಹೆಸರು, ಮೂಟೆ ಇಳಿಸಿ ಹೋದವನದ್ದಲ್ಲ.

ಆದರೆ ನನಗೆ ದಂಡಕ್ಕಿಂತ ಮುಖ್ಯ ಅನಿಸೋದು ಬೇರೆ. ಬೆರೆಸುವುದೇ ತಪ್ಪು ಅಂತ ನಾನು ಹೇಳಲ್ಲ. ಕಾಫಿಗೆ ಚಿಕೋರಿ (ಹುರಿದು ಪುಡಿ ಮಾಡಿದ ಬೇರು) ಬೆರೆಸಲ್ವಾ? ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು, ಅಷ್ಟೇ. ಚಿಕೋರಿ ಕೊಡಗಿನ ಬೆಳೆಯಲ್ಲ, ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶದಿಂದ ಬರುತ್ತದೆ. ಬಹಳ ಜನಕ್ಕೆ ಚಿಕೋರಿ ಇರುವ ಗಟ್ಟಿ ಡಿಕಾಕ್ಷನ್ನೇ ಅಭ್ಯಾಸ. ಚಿಕೋರಿ ಇಲ್ಲದ ಪುಡಿ ಕೊಟ್ಟರೆ ತೆಳ್ಳಗಿದೆ ಅಂತ ವಾಪಸ್ ತರುತ್ತಾರೆ! ಹಾಗಾಗಿ ನಮ್ಮಲ್ಲಿ ಎರಡೂ ಇದೆ. ಪರ್ಸೆಂಟ್ ಅನ್ನು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಅಲ್ಲ, ಮುಂದೆಯೇ ದಪ್ಪಗೆ ಹಾಕಿಸಿದ್ದೇನೆ. ವ್ಯಾಪಾರ ಕಮ್ಮಿಯಾಗಲಿಲ್ಲ. ಯಾವುದು ಬೇಕು ಅಂತ ಜನ ಕೇಳಿ ತಗೊಳ್ಳುತ್ತಾರೆ.

ಮೆಣಸಿಗೂ ಇದನ್ನೇ ಮಾಡಬಹುದು. ಅಗ್ಗದ್ದು ಇಡಲೇಬೇಕು ಅಂದರೆ ಸರಿಯಾದ ಬಿಲ್ ಇರುವುದನ್ನು ತನ್ನಿ, ಬೇರೆ ಡಬ್ಬಿ, ಬೇರೆ ಬೆಲೆ, ಯಾವ ದೇಶದ್ದು ಅಂತ ಬೋರ್ಡ್. ಪಕ್ಕದ ಡಬ್ಬಿಯಲ್ಲಿ ಇಲ್ಲಿನದ್ದು, ಯಾವ ಊರಿನ ತೋಟದ್ದು ಅಂತ ಬರೆದು. ಊರಿನ ಹೆಸರು ನೋಡಿದರೆ ಪ್ರವಾಸಿಗಳು ನಿಂತು ಕೇಳುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು. ಇಲ್ಲಿನ ಮೆಣಸನ್ನೂ ಸುಮ್ನೆ ಹೆಸರಿಗೆ ತಗೊಳ್ಳಬೇಡಿ. ಚೆನ್ನಾಗಿ ಒಣಗಿದ ದಪ್ಪ ಕಾಳು ಒಂದು ಲೀಟರ್ ಅಳತೆಗೆ 550 ಗ್ರಾಂ ತೂಗಬೇಕು. ಒಂದು ಹಿಡಿ ನೀರಿಗೆ ಹಾಕಿ ನೋಡಿ. ಒಳ್ಳೆ ಕಾಳು ಮುಳುಗುತ್ತೆ, ಜೊಳ್ಳು ಮತ್ತು ಪಪ್ಪಾಯಿ ಬೀಜ ತೇಲುತ್ತೆ.

ಹೋಮ್‌ಸ್ಟೇ, ಸೋಮವಾರಪೇಟೆ

ಮೇಲಿನ ಇಬ್ಬರಿಗೂ ನನ್ನ ಗೌರವ ಇದೆ, ಆದರೆ ಅಂಗಡಿಯವರು ಕೇಳಿದ ಅರ್ಧ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮಳೆಗಾಲದಲ್ಲಿ ಆ ಇಬ್ಬರ ಸಂಬಳ?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಪ್ರವಾಸಿಗಳು ಬರುವುದೇ ನಿಂತುಹೋಯಿತು. ನಮ್ಮ ಬುಕ್ಕಿಂಗ್ ಎಲ್ಲ ಕ್ಯಾನ್ಸಲ್. ಕೆಲಸದವರನ್ನು ಬಿಡಿಸಿ ಅಂತ ತುಂಬಾ ಜನ ಹೇಳಿದರು. ನಾವು ಮಾಡಿದ್ದು ಇಷ್ಟು: ಎಲ್ಲರನ್ನೂ ಕೂರಿಸಿ ಲೆಕ್ಕದ ಪುಸ್ತಕ ಅವರ ಮುಂದಿಟ್ಟೆವು. ಇಷ್ಟು ಬಂದಿದೆ, ಇಷ್ಟು ಸಾಲ, ಏನು ಮಾಡೋಣ ಅಂತ ಕೇಳಿದೆವು. ಸರದಿಯಲ್ಲಿ ಕೆಲಸಕ್ಕೆ ಬರುತ್ತೇವೆ, ಯಾರನ್ನೂ ಕಳಿಸಬೇಡಿ ಅಂತ ಅವರೇ ಹೇಳಿದರು. ಆ ಕಾಲ ಕಳೆಯುವವರೆಗೆ ನಮ್ಮ ಮನೆಯವರು ಏನೂ ತೆಗೆದುಕೊಳ್ಳಲಿಲ್ಲ, ಕೆಲಸದವರಿಗೆ ಕೊಟ್ಟೆವು.

ನಿಮ್ಮ ಅಂಗಡಿಯ ಇಬ್ಬರು ಹೆಣ್ಣುಮಕ್ಕಳನ್ನೂ ಕೇಳಿ. ಯಾಕೆಂದರೆ ಇದು ಕೂರ್ಗ್ ಪೆಪ್ಪರಾ ಅಂತ ಗಿರಾಕಿ ಕೇಳಿದಾಗ ಹೌದು ಅನ್ನಬೇಕಾದವರು ಅವರು. ಸುಳ್ಳು ನಿಮ್ಮದು, ಬಾಯಿ ಅವರದ್ದು ಆಗುತ್ತೆ. ಸಂಬಳಕ್ಕೋಸ್ಕರ ಯಾರನ್ನೂ ಆ ಜಾಗದಲ್ಲಿ ನಿಲ್ಲಿಸಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು. ಮಳೆಗಾಲದಲ್ಲಿ ಗಿರಾಕಿ ಬರಲ್ಲ ಅಂದರೆ ಮಾಲು ಅವರ ಹತ್ತಿರ ಹೋಗಲಿ. ಸೀಸನ್‌ನಲ್ಲಿ ಕೊಂಡವರ ನಂಬರ್ ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ, ಜೂನ್‌ನಿಂದ ಪೋಸ್ಟ್‌ನಲ್ಲಿ ಕಾಫಿ ಪುಡಿ ಕಳಿಸಿ. ಪುಡಿ ಬೇಗ ವಾಸನೆ ಕಳೆದುಕೊಳ್ಳುತ್ತೆ, ಹಾಗಾಗಿ ಮನೆಯವರು ಮತ್ತೆ ಮತ್ತೆ ತರಿಸುತ್ತಾರೆ. ಮೆಣಸು ಒಮ್ಮೆ ಕೊಂಡರೆ ವರ್ಷ ಬರುತ್ತೆ, ಅದನ್ನು ನಂಬಿ ಮಳೆಗಾಲ ದಾಟಕ್ಕಾಗಲ್ಲ.

ತೋಟದ ರೈಟರ್ (ಲೆಕ್ಕ ಬರೆಯುವವರು), ವಿರಾಜಪೇಟೆ ತಾಲೂಕು

ಇಲ್ಲಿನ ಮೆಣಸು ಇಲ್ಲಿನದ್ದೇ ಅಂತ ಮಾರಿದರೆ ಅಲ್ಲಿಗೆ ಮುಗಿಯಲ್ಲ ಅಂತ ಹೇಳಬೇಕು ನಾನು.

ಮೆಣಸು ಕುಯ್ಯುವವರನ್ನು ನೋಡಿದ್ದೀರಾ? ಒಂಟಿ ಬಿದಿರಿನ ಏಣಿ, ಎತ್ತರದ ಸಿಲ್ವರ್ ಮರ, ಸೊಂಟಕ್ಕೆ ಕಟ್ಟಿದ ಚೀಲ. ಕಾಲು ಜಾರಿದರೆ ಬೆನ್ನು ಹೋಯಿತು. ಹತ್ತುವವರು ಹಾಡಿಯ (ಆದಿವಾಸಿಗಳ ವಸತಿಯ) ಎರವರು, ಕುರುಬರು, ಇಲ್ಲವೇ ಅಸ್ಸಾಂನಿಂದ ಬಂದ ಹುಡುಗರು. ಕೆಲವು ಕಡೆ ಅಡ್ವಾನ್ಸ್ ಕೊಟ್ಟು ಅದು ತೀರುವವರೆಗೆ ಬೇರೆ ತೋಟಕ್ಕೆ ಹೋಗಬೇಡ ಅಂತ ಹಿಡಿದಿಡುವುದನ್ನೂ ಕಂಡಿದ್ದೇನೆ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲೇ ಅಪರಾಧ. ತುಂಬಾ ಜನಕ್ಕೆ ಅದು ಅಪರಾಧ ಅಂತ ಅನಿಸುವುದೇ ಇಲ್ಲ, ಅದೇ ನನಗೆ ಸಂಕಟ.

ಸಣ್ಣ ಅಂಗಡಿಯವರು ಇದಕ್ಕೆ ಏನು ಮಾಡೋದು ಅಂದರೆ, ಮೆಣಸು ಕೊಳ್ಳುವಾಗ ರೇಟಿನ ಜೊತೆ ಒಂದು ಮಾತು ಕೇಳಿ: ಹತ್ತಿದವರಿಗೆ ಕೂಲಿ ಪೂರ್ತಿ ಆಯ್ತಾ, ಅವರಿಗೆ ಇನ್ಶೂರೆನ್ಸ್ ಇದೆಯಾ? ಪ್ರಧಾನ ಮಂತ್ರಿ ಸುರಕ್ಷಾ ಬಿಮಾಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತೆ. ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಖಾತೆ ಇರಬೇಕು. ಅದು ಇದೆ ಅಂತ ಮಾಲೀಕನ ಜವಾಬ್ದಾರಿ ತಪ್ಪಲ್ಲ, ಬಿದ್ದವನಿಗೆ ಪರಿಹಾರ ಕೊಡುವುದು ಬೇರೆ ಕಾನೂನಿನಲ್ಲೇ ಇದೆ. ಕೊಳ್ಳುವವರು ಯಾರೂ ಕೇಳಲ್ಲ ಅಂತಲೇ ಮಾಲೀಕರು ಮರೆಯುತ್ತಾರೆ. ನಾಲ್ಕು ಜನ ಕೇಳಲು ಶುರು ಮಾಡಿದರೆ ಬದಲಾಗುತ್ತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಆ ವ್ಯಾಪಾರಿಗೆ ಫೋನ್ ಮಾಡಿ ಆಮದಿನ ಕಾಗದ ಕಳಿಸಿ ಅಂದೆ. ನಿಮಗೆ ಯಾಕೆ ಅದೆಲ್ಲ ಅಂದ. ಬೇಡ ಅಂದುಬಿಟ್ಟೆ. ಹುಡುಗಿಯರ ಜೊತೆ ಇವತ್ತು ಸಂಜೆ ಲೆಕ್ಕ ಹಿಡಿದು ಕೂರುತ್ತೇನೆ. ಡಬ್ಬಿಗಳಿಗೆ ಊರಿನ ಹೆಸರು ಬರೆಸುತ್ತೇನೆ. ಒಂದೇ ಅನುಮಾನ, ಜೇನಿಗೂ ಹೀಗೇ ಮಾಡಬೇಕಲ್ವಾ? ಬೇಡಿಕೆ ಇರುವಷ್ಟು ಇಲ್ಲಿನ ಜೇನು ಸಿಗುವುದೇ ಇಲ್ಲ.

ಜೇನು ಸಾಕುವವರು, ಭಾಗಮಂಡಲ ಕಡೆ

ಸಿಗಲ್ಲ, ನಿಜ. 1990ರ ದಶಕದ ಶುರುವಿನಲ್ಲಿ ಜೇನುಹುಳುವಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಯಿತು. ಜೇನು ತೆಗೆಯುವುದು ಬೇಸಿಗೆಯಲ್ಲಿ. ಆಗಲೇ ಸಾಕುವವರಿಂದ ನೇರವಾಗಿ ತಗೊಂಡು, ಬಾಟಲಿ ಮೇಲೆ ಊರು, ತಿಂಗಳು ಬರೆಯಿರಿ. ಮುಗಿದ ಮೇಲೆ ಬೇರೆ ಜೇನು ತುಂಬಬೇಡಿ. ಇಲ್ಲಿನ ಜೇನು ಈ ವರ್ಷಕ್ಕೆ ಮುಗಿದಿದೆ, ಮುಂದಿನ ಬೇಸಿಗೆಗೆ ಹೆಸರು ಬರೆಸಿ ಅಂತ ಬೋರ್ಡ್ ಹಾಕಿ. ನಮ್ಮಲ್ಲಿ ಹಾಗೆ ಹೆಸರು ಬರೆಸಿ ಹೋದವರು ಮುಂದಿನ ವರ್ಷ ಬಂದು ತಗೊಂಡು ಹೋಗಿದ್ದಾರೆ.