ಕರಿಬೇವಿಗೂ ಸ್ಕೂಟರ್

ಭಾನುವಾರ ಬೆಳಿಗ್ಗೆ 6:40. ನಮ್ಮ 'ಮನೆ ಮಂದಿ' ಗುಂಪಿಗೆ ಗಂಗಾವತಿ ಅತ್ತೆ ಒಂದು ಫಾರ್ವರ್ಡ್ ಹಾಕಿದರು. ಕೆಂಪು ಅಕ್ಷರ. '15 ನಿಮಿಷದ ಊರು ಬರ್ತಾ ಇದೆ! ನಿಮ್ಮ ಏರಿಯಾ ದಾಟಿದರೆ ದಂಡ! ಇವತ್ತು ವಿದೇಶ, ನಾಳೆ ನಮ್ಮ ಬಳ್ಳಾರಿ!' ಕೆಳಗೆ ಅತ್ತೆಯ ಸ್ವಂತ ಮಾತು: 'ಹಿಂಗಾದರೆ ನಾನು ತವರಿಗೆ ಬರೋದು ಹೆಂಗೆ?'

ಹೊಸಪೇಟೆ ಭಾವ: ಬಳ್ಳಾರಿ ಸುಧಾ ಕ್ರಾಸ್ ರೈಲ್ವೆ ಗೇಟಲ್ಲೇ 15 ನಿಮಿಷ ನಿಂತವರು ನಾವು. ನಮಗ್ಯಾವ ದಂಡ ಬಿಡಿ 😄

ತಂಗಿ: ಅತ್ತೆ, ಎಲ್ಲಿಂದ ಬಂತು ಇದು? ಲಿಂಕ್ ಇದೆಯಾ?

ಅತ್ತೆ: ಭಜನೆ ಗುಂಪಲ್ಲಿ ಬಂತು. ಅವರೇನು ಸುಳ್ಳು ಹೇಳ್ತಾರಾ?

ತಂಗಿ: ಎರಡು ವಿಷಯ ಕಲಸಿಬಿಟ್ಟಿದ್ದಾರೆ. 15 ನಿಮಿಷದ ಊರು ಅಂದವರು ಪ್ಯಾರಿಸ್‌ನ ಪ್ರೊಫೆಸರ್ ಕಾರ್ಲೋಸ್ ಮೊರೆನೊ. ಶಾಲೆ, ಅಂಗಡಿ, ಡಾಕ್ಟರು ಎಲ್ಲ ನಡೆದೋ ಸೈಕಲ್ಲಲ್ಲೋ ಅಷ್ಟು ಹೊತ್ತಿನಲ್ಲಿ ಸಿಗಬೇಕು ಅಂತ. 2020ರ ಚುನಾವಣೆಯಲ್ಲಿ ಆಗ ಅಲ್ಲಿನ ಮೇಯರ್ ಆಗಿದ್ದ ಆನ್ ಹಿಡಾಲ್ಗೊ ಕೂಡ ಇದನ್ನೇ ಹೇಳಿದರು. ಕ್ಯಾಮೆರಾ ಇಟ್ಟು ದಂಡ ಹಾಕೋ ಮಾತು ಇಂಗ್ಲೆಂಡಿನ ಆಕ್ಸ್‌ಫರ್ಡ್‌ದು. 6 ರಸ್ತೆಗಳಲ್ಲಿ ಕಾರು ಕಮ್ಮಿ ಮಾಡೋ ಯೋಜನೆ. ಅಲ್ಲೂ ಎಲ್ಲಿಗೆ ಬೇಕಾದರೂ ಹೋಗಬಹುದು, ಕಾರಿನವರು ರಿಂಗ್ ರೋಡ್ ಸುತ್ತಬೇಕು ಅಷ್ಟೇ. ಎರಡೂ ಒಂದೇ ಅಂದ್ಕೊಂಡು 2023ರ ಫೆಬ್ರುವರಿಯಲ್ಲಿ ಜನ ಬೀದಿಗೂ ಇಳಿದಿದ್ದರು.

ಇದನ್ನು ಕೊನೆವರೆಗೂ ಓದಿದ್ದು ನಾನೊಬ್ಬನೇ ಇರಬೇಕು.

ದೊಡ್ಡಪ್ಪ: ಶುಭೋದಯ. ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು. ಈಗಿನವರಿಗೆ ಕರಿಬೇವಿಗೂ ಸ್ಕೂಟರ್ ಬೇಕು. 🙏

ದೊಡ್ಡಪ್ಪ ಬೈಯುವಾಗಲೂ ಶುಭೋದಯ ಬಿಡುವುದಿಲ್ಲ.

ಅಣ್ಣ: ನನಗೇ ಹೇಳಿದ್ದಲ್ವಾ? ನಮ್ಮ ಲೇಔಟಿಂದ ಅಂಗಡಿ 3 ಕಿಲೋಮೀಟರ್. ದಾರೀಲಿ ಒಂದು ಮರ ಇಲ್ಲ. ಮೇ ತಿಂಗಳಲ್ಲಿ ನೀವೇ ನಡೆದು ತೋರಿಸಿ.

ಅಷ್ಟರಲ್ಲಿ ರಾಯಚೂರು ಚಿಕ್ಕಪ್ಪನ ಮಗ ಎದ್ದ. ಅವನು ಎದ್ದರೆ ಬಳ್ಳಾರಿ ಬ್ರೂಸ್‌ಪೇಟೆಯ ನಮ್ಮ ಹಳೇ ಮನೆಯೂ ಏಳುತ್ತದೆ.

'ಅಜ್ಜಿ ಒಲೆ ಮೇಲೆ ಎಣ್ಣೆ ಇಟ್ಟು ಸಾಸಿವೆ ತಾ ಅಂತ ಓಡಿಸ್ತಿದ್ದಳು. ಎಣ್ಣೆ ಕಾಯೋದರೊಳಗೆ ತಂದು ಕೊಡ್ತಿದ್ದೆ. ಉಳಿದ ಚಿಲ್ಲರೆಗೆ ಮೂಲೆ ಅಂಗಡಿ ಮಿರ್ಚಿ. ಆಮೇಲೆ ಮಂಡಕ್ಕಿ ಒಗ್ಗರಣೆ. ಆಹಾ!'

ಮೊರೆನೊ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ ಅಂತ ಟೈಪ್ ಮಾಡುತ್ತಿದ್ದೆ. ಅಣ್ಣ ಮುಂಚೆ ಬಂದ.

ಅಣ್ಣ: ಆ ಮನೆ ಮಾರಿದ್ದು ಯಾರು?

ದೊಡ್ಡಪ್ಪ: ಮಾರಿದ್ದಲ್ಲ. ಪಾಲಾಯಿತು.

ಚಿಕ್ಕಪ್ಪ: ಪಾಲಿನ ದಿನ ಗೋಡೆ ಗಡಿಯಾರ ಎಲ್ಲಿ ಹೋಯಿತು ಅಂತ ನಾನು ಕೇಳಿಲ್ಲ. ಕೇಳೋದೂ ಇಲ್ಲ.

ಅತ್ತೆ: ನನ್ನ ಸಹಿ ಬೇಕಾದಾಗ ಮಾತ್ರ ಗಂಗಾವತಿಗೆ ಕಾರು ಬಂದಿತ್ತು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಎಲ್ಲರೂ ಓದಿದ್ದರು, ನೀಲಿ ಟಿಕ್ ಬಿದ್ದಿತ್ತು. ಸುಮ್ನೆ ಇರಲಾರದವಳು ತಂಗಿ.

ತಂಗಿ: ಅಣ್ಣ, ಲೇಔಟ್ ನಕ್ಷೆಯಲ್ಲಿ ಶಾಲೆ, ಆಸ್ಪತ್ರೆಗೆಲ್ಲ ಅಂತ ಸಿಎ ಸೈಟ್ (ಸಾರ್ವಜನಿಕ ಸೌಲಭ್ಯದ ಜಾಗ) ಬಿಟ್ಟಿರ್ತಾರೆ. ನಿಮ್ಮಲ್ಲಿ ಅದು ಏನಾಗಿದೆ?

ಅಣ್ಣನ ಉತ್ತರ ಫೋಟೋದಲ್ಲಿ ಬಂತು. ಎದೆಮಟ್ಟ ಜಾಲಿ ಗಿಡ, ಅದರ ಮಧ್ಯೆ ವಾಲಿದ ಬೋರ್ಡು. ಅಂಚಿನಲ್ಲಿ ಸ್ಕೂಟರಿನ ಕನ್ನಡಿ, ಅದಕ್ಕೆ ನೇತುಹಾಕಿದ ಹೆಲ್ಮೆಟ್.

ತಂಗಿ: ಚಂಡೀಗಢದಲ್ಲಿ ಒಂದು ಸೆಕ್ಟರ್ ಅಂದರೆ 800 ಮೀಟರ್ ಅಗಲ, 1200 ಮೀಟರ್ ಉದ್ದ. ಶಾಲೆ, ಅಂಗಡಿ ಅದರೊಳಗೇ ಇರಲಿ ಅಂತ ಗೆರೆ ಎಳೆದರು. ನಾವು ಮನೆ ಮಾತ್ರ ಕಟ್ಟಿದ್ವಿ. ಅಲ್ಲೊಂದು ಇಲ್ಲೊಂದು ಮನೆ ಇದ್ದರೆ ಬಸ್ಸಿಗೆ ಜನ ಸಿಗಲ್ಲ. ಬಸ್ ಇಲ್ಲ ಅಂತ ಗಾಡಿ ಕೊಳ್ತೀವಿ. ಗಾಡಿ ಇದೆಯಲ್ಲ ಅಂತ ಇನ್ನೂ ದೂರ ಸೈಟ್ ತಗೋತೀವಿ.

ಭಾವ: ಆ ಸೈಟ್ ಕೊಡಿಸಿದ್ದು ನಾನು ಅಂತ ನೇರ ಹೇಳಮ್ಮ.

ತಂಗಿ: ಅಯ್ಯೋ ಭಾವ, ನಾನು ಹಂಗೆ ಹೇಳಲಿಲ್ಲ.

ಅಣ್ಣ: ನಾನು ಹೇಳ್ತೀನಿ. 'ಮುಂದಿನ ವರ್ಷ ಬಸ್ ಬರುತ್ತೆ' ಅಂದವರು ಯಾರು ಭಾವ? ಆರು ವರ್ಷ ಆಯ್ತು.

ಭಾವ ಗುಂಪು ಬಿಟ್ಟರು. ದೊಡ್ಡಪ್ಪ ಮತ್ತೆ ಸೇರಿಸಿದರು. ಭಾವ ಮತ್ತೆ ಬಿಟ್ಟರು.

ಈ ಗುಂಪಲ್ಲಿ ಎಂದೂ ಬರೆಯದ ಅತ್ತಿಗೆ ಆಗ ಬರೆದರು: 'ಇವರಿಗೆ ಯಾರಾದರೂ ಫೋನ್ ಇಡೋಕೆ ಹೇಳಿ. ಕರಿಬೇವು ತರ್ತೀನಿ ಅಂತ ಗಾಡಿ ತಗೊಂಡು ಹೋಗಿ ಮುಕ್ಕಾಲು ಗಂಟೆ ಆಯ್ತು. ಒಲೆ ಆರಿಸಿ ಕೂತಿದ್ದೀನಿ.'