ಕೀಲಿನ ಮೃದ್ವಸ್ಥಿಯ ಜೀವಕೋಶಗಳು ಮೈಭಾರದಡಿ ಜಜ್ಜಿಹೋಗುವುದಿಲ್ಲವೇಕೆ?

ಪ್ರಶ್ನೆ:
ಕೀಲುಗಳಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ ಕಾಂಡ್ರೋಸೈಟ್ ಜೀವಕೋಶಗಳ ಪಾಲು ಗಾತ್ರದ ಲೆಕ್ಕದಲ್ಲಿ ಶೇ. 2ರ ಆಸುಪಾಸಿನಲ್ಲಷ್ಟೇ ಇದೆಯೆಂದೂ, ಉಳಿದದ್ದೆಲ್ಲ ನೀರು ಮತ್ತು ಪ್ರೋಟೀನುಗಳಿಂದಾದ ಮ್ಯಾಟ್ರಿಕ್ಸ್ ಎಂದೂ ಓದಿದೆ. ರಕ್ತನಾಳವೂ ನರವೂ ಇಲ್ಲದ ಆ ಅಂಗಾಂಶದಲ್ಲಿ, ಹೆಜ್ಜೆಹೆಜ್ಜೆಗೂ ಮೈಭಾರ ಬೀಳುತ್ತಿರುವಾಗ, ಒಂಟಿಯಾಗಿ ಹುದುಗಿರುವ ಜೀವಕೋಶವನ್ನು ಕಾಯುವುದು ಯಾವುದು? ಮ್ಯಾಟ್ರಿಕ್ಸಿನಲ್ಲಿರುವ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಬಲೆಯೊಂದೇ ಸಾಕೆ?

ಉತ್ತರ 1:
ಬಲೆಯೊಂದೇ ಸಾಲದು. ಎರಡನೆಯ ಬಗೆಯ ಕೊಲಾಜನ್ ಎಳೆಗಳು ಹಗ್ಗದಂತೆ ಎಳೆತವನ್ನು ತಡೆಯುತ್ತವೆ, ಒತ್ತಿದರೆ ಬಾಗುತ್ತವೆ. ಒತ್ತಡವನ್ನು ಹೊರುವುದು ಬಲೆಯೊಳಗೆ ಸಿಕ್ಕಿಕೊಂಡಿರುವ ಆಗ್ರಿಕ್ಯಾನ್ ಎಂಬ ದೊಡ್ಡ ಅಣು. ಅದರ ಪ್ರೋಟೀನ್ ಬೆನ್ನೆಲುಬಿಗೆ ಸುಮಾರು 100 ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳು ಅಂಟಿಕೊಂಡಿದ್ದು, ಅವುಗಳ ಋಣ ವಿದ್ಯುದಂಶ ಸೋಡಿಯಂ ಅಯಾನುಗಳನ್ನೂ, ಅವುಗಳ ಹಿಂದೆಯೇ ನೀರನ್ನೂ ಸೆಳೆದುಕೊಳ್ಳುತ್ತದೆ. ಇಂಥ ಹತ್ತಾರು ಅಣುಗಳು ಹಯಲುರೊನಾನ್ ಎಂಬ ಸಕ್ಕರೆಯ ಒಂದೇ ಉದ್ದನೆಯ ಎಳೆಗೆ ಲಿಂಕ್ ಪ್ರೋಟೀನಿನ ನೆರವಿನಿಂದ ಬಿಗಿದುಕೊಂಡಿರುವುದರಿಂದ ನೀರಿನೊಡನೆ ಹರಿದುಹೋಗಲಾರವು. ಉಬ್ಬಲು ಹವಣಿಸುವ ಆಗ್ರಿಕ್ಯಾನ್ ಮತ್ತು ಉಬ್ಬಗೊಡದ ಕೊಲಾಜನ್, ಇವೆರಡರ ಜಗ್ಗಾಟದಿಂದಲೇ ಮೃದ್ವಸ್ಥಿಗೆ ಆ ಬಿಗುವು ಬರುತ್ತದೆ.

ಉತ್ತರ 2:
ಮೇಲಿನ ವಿವರಣೆ ಇಡೀ ಅಂಗಾಂಶಕ್ಕೆ ಸರಿಯಾಗಿದೆ. ಪ್ರಶ್ನೆ ಇರುವುದು ಜೀವಕೋಶದ ಕುರಿತು. ಪ್ರತಿಯೊಂದು ಕೋಶದ ಸುತ್ತಲೂ ಕೆಲವೇ ಮೈಕ್ರೋಮೀಟರ್ ದಪ್ಪದ ಬೇರೆಯದೇ ಕವಚವಿದೆ. ಕೋಶವನ್ನೂ ಕವಚವನ್ನೂ ಸೇರಿಸಿ ಕಾಂಡ್ರಾನ್ ಎನ್ನುತ್ತಾರೆ. ಆರನೆಯ ಬಗೆಯ ಕೊಲಾಜನ್ ಮತ್ತು ಸಕ್ಕರೆ ಸರಪಳಿ ಹೊತ್ತ ಪರ್ಲಿಕ್ಯಾನ್ ಎಂಬ ಪ್ರೋಟೀನ್ ಈ ಕವಚದ ಗುರುತು. ಇದು ಹೊರಗಿನ ಮ್ಯಾಟ್ರಿಕ್ಸಿಗಿಂತ ಮೆದು, ಒಳಗಿನ ಕೋಶಕ್ಕಿಂತ ಗಡಸು. ಹಾಗಾಗಿ ಹೊರಗಿನ ಒತ್ತಡ ಕೋಶವನ್ನು ಹದವಾಗಿ ತಲಪುತ್ತದೆ. ನನಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುವುದು ಸುದ್ದಿ ಮುಟ್ಟಿಸುವ ಕೆಲಸ: ಪರ್ಲಿಕ್ಯಾನಿನ ಹೆಪರಾನ್ ಸಲ್ಫೇಟ್ ಸರಪಳಿಗಳು ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಅಂಶವನ್ನು ಹಿಡಿದಿಟ್ಟುಕೊಂಡಿದ್ದು, ಭಾರ ಬಿದ್ದಾಗ ಅದು ಕೋಶಕ್ಕೆ ಒದಗುತ್ತದೆ. ಕೋಶದ ಮೈಮೇಲಿನ ಗ್ರಾಹಕ ಪ್ರೋಟೀನುಗಳಲ್ಲಿ ಸಿಡಿ44 ಹಯಲುರೊನಾನನ್ನೂ, ಇಂಟಿಗ್ರಿನ್‌ಗಳು ಕೊಲಾಜನನ್ನೂ ಹಿಡಿದಿರುತ್ತವೆ.

ಪ್ರಶ್ನೆ ಕೇಳಿದವರು:
ಕವಚದ ವಿಷಯ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಹಾಗಾದರೆ ಅದನ್ನು ಕಳಚಿದ ಕೋಶದ ಗತಿ ಏನು?

ಉತ್ತರ 2:
ಮ್ಯಾಟ್ರಿಕ್ಸನ್ನು ಕಿಣ್ವಗಳಿಂದ ಕರಗಿಸಿ ಬಿಡಿಸಿದ ಕೋಶಗಳನ್ನು ಸಪಾಟಾದ ತಟ್ಟೆಯಲ್ಲಿ ಬೆಳೆಸಿದರೆ ಅವು ಚಪ್ಪಟೆಯಾಗಿ ಹರಡಿಕೊಂಡು, ಎರಡನೆಯ ಬಗೆಯ ಕೊಲಾಜನನ್ನು ಕೈಬಿಟ್ಟು ಮೊದಲನೆಯ ಬಗೆಯದನ್ನು ತಯಾರಿಸತೊಡಗುತ್ತವೆ. ಅವನ್ನೇ ಅಗರೋಸ್ ಜೆಲ್ಲಿನೊಳಗೆ ಹುದುಗಿಸಿದಾಗ ಮತ್ತೆ ದುಂಡಗಾಗಿ ಹಳೆಯ ಗುಣಕ್ಕೆ ಮರಳುವುದನ್ನು 1982ರಲ್ಲೇ ತೋರಿಸಲಾಗಿದೆ.